ಎರಡು ಪಾಲಾದ ಪ್ಯಾಂಥರ್

ಸಾಗರ
24 ಜೂನ್ 2024

ತಮ್ಮ ನಾಗೇಂದ್ರನಿಗೆ,

ಈ ಪತ್ರವನ್ನು ರಿಜಿಸ್ಟರ್ ಮಾಡಿ, ನಿನ್ನ ಸಹಿ ಹೊತ್ತು ವಾಪಸು ಬರುವ ಕಾರ್ಡನ್ನೂ ಅಂಟಿಸಿ ಕಳಿಸುತ್ತಿದ್ದೇನೆ. ಒಡಹುಟ್ಟಿದ ತಮ್ಮನಿಗೆ ಯಾರಾದರೂ ಹೀಗೆ ಕಳಿಸುತ್ತಾರಾ ಎಂದು ಪಕ್ಕದ ಕೌಂಟರಿನ ದೀಪ್ತಿ ನಕ್ಕಳು. ಕಳೆದ ತಿಂಗಳು ನಿನಗೆ ಏಳು ಸಲ ಫೋನು ಮಾಡಿದ್ದೇನೆ. ಏಳು ಸಲವೂ ಕಟ್. ಪೋಸ್ಟ್‌ಮ್ಯಾನಿನ ಎದುರು ನಿಂತು ಸಹಿ ಹಾಕಿದ ಮೇಲೆ ‘ನಂಗೆ ಗೊತ್ತೇ ಆಗ್ಲಿಲ್ಲ’ ಎನ್ನುವ ಹಾಗಿಲ್ಲವಲ್ಲ, ಅದಕ್ಕೆ.

ವಿಷಯ ಇಷ್ಟು. ನವೆಂಬರ್ ಮೂವತ್ತಕ್ಕೆ ನಾನು ಅಂಚೆ ಕಚೇರಿಯಿಂದ ನಿವೃತ್ತಳಾಗುತ್ತೇನೆ. ಡಿಸೆಂಬರ್ ಒಂದನೇ ತಾರೀಕು ಅಪ್ಪಯ್ಯನ ಪ್ಯಾಂಥರ್ ಮೋಟಾರ್‌ಸೈಕಲ್ಲನ್ನು ಓಡಿಸಬೇಕು ಅಂತಿದ್ದೇನೆ. ಹದಿನೆಂಟನೇ ವಯಸ್ಸಿಗೆ ಅಪ್ಪಯ್ಯ ಕಲಿಸಿಕೊಟ್ಟ. ಇಪ್ಪತ್ತಮೂರಕ್ಕೆ ಮದುವೆಯಾಯಿತು. ಗಂಡಿನ ಕಡೆಯವರು ‘ಹುಡ್ಗಿ ಗಾಡಿ ಹತ್ತೋದು ಇನ್ನು ಸಾಕು’ ಅಂದರು, ಬಿಟ್ಟೆ. ಬಿಟ್ಟು ಮೂವತ್ತೇಳು ವರ್ಷವಾಯಿತು. ಈಗ ಬೇಡ ಅನ್ನುವವರು ಯಾರೂ ಇಲ್ಲ. ನಿಮ್ಮ ಭಾವ ಶ್ರೀನಾಥ್ ಕೂಡ ‘ಓಡ್ಸು, ಬಿದ್ರೆ ಎತ್ತಕ್ಕೆ ನಾನಿದೀನಿ’ ಅಂದಿದ್ದಾರೆ.

ಅದಕ್ಕೆ ಮೊದಲು ಗಾಡಿ ಒಂದಾಗಬೇಕು. ಎಂಜಿನ್ ನನ್ನ ಪಡಸಾಲೆಯಲ್ಲಿದೆ, ಚಾಸಿ ಮೇಳಿಗೆಯಲ್ಲಿ ನಿನ್ನ ಕೊಟ್ಟಿಗೆಯಲ್ಲಿದೆ. ಪ್ರಪಂಚದಲ್ಲಿ ಇಂಥ ಪಾಲು ಇನ್ನೆಲ್ಲಾದರೂ ಆಗಿದೆಯೋ ನನಗೆ ಗೊತ್ತಿಲ್ಲ. ಅಪ್ಪಯ್ಯ ಹೋದ ಮಾರನೇ ವರ್ಷ, ಜಮೀನು ಮನೆ ಯಾವುದರಲ್ಲೂ ನನಗೆ ಹಕ್ಕಿಲ್ಲವೆಂದು ಬರೆದ ಕಾಗದಕ್ಕೆ ಸಹಿ ಹಾಕಿದೆ. ಹೆಣ್ಣುಮಕ್ಕಳು ಹಾಕುತ್ತಾರೆ, ನಾನೂ ಹಾಕಿದೆ. ಕೇಳಿದ್ದು ಗಾಡಿ ಒಂದನ್ನೇ. ಅದಕ್ಕೆ ನಮ್ಮ ಹಿರಿಯರು ಒಂದು ಗಂಟೆ ಎಲೆಯಡಿಕೆ ಜಗಿದು, ಹಂಡೆ ಒಬ್ಬರಿಗೆ ಮುಚ್ಚಳ ಒಬ್ಬರಿಗೆ ಕೊಟ್ಟ ಹಾಗೆ, ಎಂಜಿನ್ ಅಕ್ಕನಿಗೆ, ಚಾಸಿ ಮತ್ತು ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರ್ ತಮ್ಮನಿಗೆ ಎಂದರು. ಗೇರ್‌ಬಾಕ್ಸ್ ಯಾರ ಪಾಲಿಗೆ ಎಂದು ಮತ್ತೆ ಅರ್ಧ ಗಂಟೆ. ಕಿಕ್ಕರ್ ಇರುವುದು ಅದರಲ್ಲೇ. ‘ಒದಿಯೋದು ಗಂಡಸ್ರಿಗೇ ಇರ್ಲಿ ಬಿಡಿ’ ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು. ನೀನು ನಗಲಿಲ್ಲ, ಬಾಯಿಯನ್ನೂ ಬಿಡಲಿಲ್ಲ. ಅವರ ನಗು ಮರೆತಿದ್ದೇನೆ. ನಿನ್ನ ಸುಮ್ಮನಿರುವಿಕೆಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಚಾಸಿಯನ್ನು ಸಾಗರಕ್ಕೆ ಕಳಿಸು. ಯಾವ ದಿನ ಎಂದು ಬರೆ.

ಉತ್ತರ ಕಾಯುವ ಅಕ್ಕ,
ಸುಚಿತ್ರಾ


ಮೇಳಿಗೆ
9 ಜುಲೈ 2024

ಅಕ್ಕ,

ಪೋಸ್ಟ್‌ಮ್ಯಾನ್ ಊರೆಲ್ಲ ಹೇಳಿಕೊಂಡು ಬಂದ, ನಾಗೇಂದ್ರಣ್ಣನಿಗೆ ಕೋರ್ಟಿನಿಂದ ಕಾಗದ ಬಂದಿದೆ ಎಂದು. ನಾನು ಪಂಪ್‌ಸೆಟ್ ರಿಪೇರಿಯಲ್ಲಿದ್ದೆ. ಗ್ರೀಸ್ ಕೈಯಲ್ಲೇ ಸಹಿ ಹಾಕಿದೆ. ನಾಲ್ಕು ಜನ ಸುತ್ತ ನಿಂತು ನೋಡಿದರು. ಮರ್ಯಾದೆ ತೆಗೆಯುವುದಕ್ಕೆ ಇಷ್ಟು ಖರ್ಚು ಮಾಡಬೇಕಿರಲಿಲ್ಲ, ಬರೇ ಕಾರ್ಡಿನಲ್ಲಿ ಬರೆದಿದ್ದರೂ ಹೋಗುತ್ತಿತ್ತು.

ಚಾಸಿ ಕಳಿಸುವುದಿಲ್ಲ. ಸೈಡ್‌ಕಾರ್ ಸಮೇತ ಅದು ಒಂದು ಎತ್ತಿನ ಗಾಡಿಯಷ್ಟಿದೆ. ಎಂಜಿನ್ ಆದರೆ ಇಬ್ಬರು ಹಿಡಿದು ಆಟೋದಲ್ಲಿ ಇಡಬಹುದು. ಸಣ್ಣದು ದೊಡ್ಡದರ ಹತ್ತಿರ ಬರಬೇಕೋ, ದೊಡ್ಡದು ಸಣ್ಣದರ ಹತ್ತಿರವೋ? ಮತ್ತೆ, ಗಾಡಿಯ ನಂಬರ್ ಪ್ಲೇಟ್ ಇರುವುದು ನನ್ನ ಹತ್ತಿರ. ಆದ್ದರಿಂದ ಗಾಡಿ ಇರುವುದು ಇಲ್ಲೇ. ನಿನ್ನ ಹತ್ತಿರ ಇರುವುದು ಅದರ ಒಂದು ಸಾಮಾನು.

ನೀನು ಎಂಜಿನ್ ಬಿಚ್ಚಿಸಿಕೊಂಡು ಹೋದ ದಿನ ಚಾಸಿ ಬಾಯಿ ತೆರೆದುಕೊಂಡು ನಿಂತಿತ್ತು. ಮುಂದಿನ ಚಕ್ರ ಒಂದು ಕಡೆ ಎಳೆಯುತ್ತಿತ್ತು. ನಾನು ಹಲಸಿನ ಮರದ ತುಂಡು ಕಡಿಸಿ, ಆಚಾರಿಯಿಂದ ಎಂಜಿನ್ನಿನ ಅಳತೆಗೇ ಕೆತ್ತಿಸಿ ಆ ಜಾಗದಲ್ಲಿ ಕೂರಿಸಿದ್ದೇನೆ. ಆ ಹಲಸಿನ ಎಂಜಿನ್ ಇಲ್ಲದಿದ್ದರೆ ನಿನ್ನ ಗಾಡಿ ಯಾವತ್ತೋ ಗುಜರಿಗೆ ಹೋಗಿರುತ್ತಿತ್ತು. ಇದನ್ನು ನೀನು ಒಂದು ಸಲವೂ ಕೇಳಲಿಲ್ಲ.

ಮತ್ತೆ ನಿನಗೆ ಅರವತ್ತು. ಅದರ ಕಿಕ್ಕರ್ ತಿರುಗಿ ಹೊಡೆದರೆ ಮೊಣಕಾಲು ಕೈಗೆ ಬರುತ್ತದೆ. ನನಗೆ ಹದಿನೈದರಲ್ಲೇ ಹೊಡೆದು ಎರಡು ತಿಂಗಳು ಮಲಗಿಸಿತ್ತು, ಮರೆತೆಯಾ?

ಇಲ್ಲಿ ಎಲ್ಲರೂ ಆರಾಮ. ಮನೆಯವಳು, ಆಶಾ, ನಿನ್ನನ್ನು ಕೇಳಿದಳು.

ನಾಗೇಂದ್ರ


ಸಾಗರ
19 ಜುಲೈ 2024

ತಮ್ಮ ನಾಗೇಂದ್ರನಿಗೆ,

‘ಒಂದು ಸಾಮಾನು’ ಅಂದೆಯಲ್ಲ, ಆ ಸಾಲನ್ನು ನಿಮ್ಮ ಭಾವನಿಗೆ ಮೂರು ಸಲ ಓದಿ ಹೇಳಿದೆ. ಅವರು ಮೂರನೇ ಸಲಕ್ಕೆ ಎದ್ದು ಹೊರಗೆ ಹೋದರು.

ಐವತ್ತಾರು ವರ್ಷ ಆ ಗಾಡಿಯ ಜೊತೆ ಬೆಳೆದು ಅದೇನೆಂದು ನಿನಗೆ ಗೊತ್ತಿಲ್ಲ. ಹುಟ್ಟಿದ್ದೇ ಅದರ ಸೈಡ್‌ಕಾರಿನಲ್ಲಿ, ತೀರ್ಥಹಳ್ಳಿ ಆಸ್ಪತ್ರೆ ಮುಟ್ಟುವುದಕ್ಕೆ ಎರಡು ಮೈಲಿ ಮೊದಲೇ. ಆದರೂ ಗೊತ್ತಿಲ್ಲ. ಅಪ್ಪಯ್ಯ ಹೇಳುವಾಗ ನೀನು ಮರ ಹತ್ತಿರುತ್ತಿದ್ದೆ. ಈಗ ಕೇಳು. ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಕ್ಲೆಕ್‌ಹೀಟನ್ ಎಂಬ ಗಿರಣಿಗಳ ಊರು. ಅಲ್ಲಿ ಫೆಲನ್ ಎಂಬವನು, ಮೋಟಾರ್‌ಸೈಕಲ್ಲುಗಳು ಇನ್ನೂ ಸರಿಯಾಗಿ ನಡೆಯಲು ಕಲಿಯದ ಕಾಲದಲ್ಲಿ, ಒಂದು ಯೋಚನೆ ಮಾಡಿದ. ಚೌಕಟ್ಟಿನ ಮುಂಭಾಗದಲ್ಲಿ ಕೆಳಗಿಳಿಯುವ ಕೊಳವೆ ಯಾಕೆ? ಎಂಜಿನ್ನನ್ನೇ ಓರೆಯಾಗಿ ಮಲಗಿಸಿ ಆ ಜಾಗಕ್ಕೆ ಕಟ್ಟಿದರೆ ಎಂಜಿನ್ನೇ ಮೂಳೆಯಾಗುತ್ತದಲ್ಲ? ಆಮೇಲೆ ಮೂರ್ ಎಂಬವನು ಅವನ ಜೊತೆ ಸೇರಿದ. ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಅದೊಂದೇ ಹಠ ಹಿಡಿದು ಅಲ್ಲಿ ಓರೆ ಎಂಜಿನ್ನಿನ ಗಾಡಿ ಮಾಡಿದರು. ಬೇರೆ ಕಂಪನಿಗಳು ಓಟದ ಗಾಡಿ ಮಾಡಿದವು. ಇವರು ಮಾಡಿದ್ದು ಸಂಸಾರಸ್ಥರ ಗಾಡಿ. ಗಿರಣಿಯ ಕೆಲಸಗಾರ ಹೆಂಡತಿ ಮಕ್ಕಳು ಬುತ್ತಿ ಹೊದಿಕೆ ಎಲ್ಲವನ್ನೂ ಸೈಡ್‌ಕಾರಿನಲ್ಲಿ ತುಂಬಿಕೊಂಡು ರಜೆಗೆ ಸಮುದ್ರದ ಕಡೆ ಹೋಗುತ್ತಿದ್ದನಂತೆ. ಒಂದೇ ಸಿಲಿಂಡರು, ಆರುನೂರು ಸಿಸಿ. ಅವಸರವೆಂಬುದೇ ಇಲ್ಲ. ಒಂದು ಲೈಟುಕಂಬಕ್ಕೆ ಒಂದು ಬಡಿತ ಎಂದು ಅಲ್ಲಿಯವರೇ ತಮಾಷೆ ಮಾಡುತ್ತಿದ್ದರಂತೆ. ಕೊನೆಗೆ ಅಗ್ಗದ ಕಾರುಗಳು ಬಂದವು, ಸೈಡ್‌ಕಾರ್ ಕೇಳುವವರಿಲ್ಲದೆ ಕಂಪನಿ ಮುಚ್ಚಿತು.

ಮುಚ್ಚಿದ್ದು ಬಿಟ್ಟು ಉಳಿದದ್ದನ್ನೆಲ್ಲ ಅಪ್ಪಯ್ಯನಿಗೆ ಹೇಳಿದ್ದು ಲಿಂಗನಮಕ್ಕಿ ಅಣೆಕಟ್ಟಿನ ಎಂಜಿನಿಯರು. ಅಪ್ಪಯ್ಯ ಅವರ ಜೀಪಿನ ಡ್ರೈವರು. ಕೆಲಸ ಮುಗಿದು ವರ್ಗವಾದಾಗ ಅವರು ‘ಗುತ್ಯಪ್ಪಾ, ಇದನ್ನು ಸ್ಟಾರ್ಟ್ ಮಾಡುವ ತಾಳ್ಮೆ ನನ್ನ ಬಿಟ್ಟರೆ ನಿನಗೊಬ್ಬನಿಗೇ ಇರುವುದು’ ಎಂದು ಕೊಟ್ಟುಹೋದರು. ಅದು ಅರವತ್ತನಾಲ್ಕನೇ ಇಸವಿ. ನಾನು ಹುಟ್ಟಿದ್ದೂ ಅದೇ ವರ್ಷ.

ಆದ್ದರಿಂದ ತಿಳಿದುಕೋ. ಎಂಜಿನ್ ಬಿಚ್ಚಿದರೆ ಬೇರೆ ಗಾಡಿಗಳು ಎಂಜಿನ್ ಇಲ್ಲದ ಗಾಡಿಯಾಗಿ ಉಳಿಯುತ್ತವೆ. ಪ್ಯಾಂಥರ್ ಗಾಡಿಯಾಗಿಯೇ ಉಳಿಯುವುದಿಲ್ಲ. ಪಾಲು ಮಾಡಬಾರದ ಒಂದು ಗಾಡಿ ಭೂಮಿಯ ಮೇಲಿದ್ದರೆ ಅದು ಇದೇ. ನಮ್ಮವರು ಹುಡುಕಿ ಹುಡುಕಿ ಅದನ್ನೇ ಪಾಲು ಮಾಡಿದರು.

ನೀನೂ ಬರಬೇಡ, ನಾನೂ ಬರುವುದಿಲ್ಲ. ರಿಪ್ಪನ್‌ಪೇಟೆ ಇಬ್ಬರಿಗೂ ನಡುವೆ. ಕೆರಿಯಮ್ಮತ್ತೆಯ ಅಂಗಳಕ್ಕೆ ಎರಡನ್ನೂ ತರೋಣ. ಅಪ್ಪಯ್ಯನ ಒಡಹುಟ್ಟಿದವಳು, ಎಂಬತ್ತೆರಡು ವರ್ಷ, ಅವಳ ಎದುರು ನೀನು ಬಾಲ ಬಿಚ್ಚಲಾರೆ. ನಾನು ಮಾತಾಡಿಯಾಗಿದೆ. ‘ಇಬ್ರೂ ಬನ್ನಿ, ಒಂದು ಕೋಳಿ ಕೊಯ್ತೀನಿ, ಜಗಳ ಆಡಿದ್ರೆ ನಿಮ್ಮನ್ನೂ ಕೊಯ್ತೀನಿ’ ಅಂದಿದ್ದಾಳೆ.

ಅಕ್ಕ,
ಸುಚಿತ್ರಾ


ಮೇಳಿಗೆ
16 ಆಗಸ್ಟ್ 2024

ಅಕ್ಕ,

ಉತ್ತರ ತಡವಾಯಿತು. ಮಳೆ ಬಿಡಲಿಲ್ಲ. ಪಂಪ್‌ಸೆಟ್‌ನವರೂ ಬಿಡಲಿಲ್ಲ.

ಪಾಠ ಓದಿದೆ. ನನಗೆ ಗೊತ್ತಿಲ್ಲ ಅಂದೆಯಲ್ಲ, ಗೊತ್ತಿಲ್ಲದಿರುವುದಕ್ಕೆ ಕಾರಣವನ್ನೂ ಬರೆಯಬೇಕಿತ್ತು. ಮರ ಹತ್ತಿದ್ದಕ್ಕಲ್ಲ. ಕಾಲು ಮುರಿದ ಮೇಲೆ ಅಪ್ಪಯ್ಯ ನನ್ನನ್ನು ಗಾಡಿಯ ಹತ್ತಿರ ಸೇರಿಸಲಿಲ್ಲ. ‘ನಿಂಗೆ ತಾಳ್ಮೆ ಇಲ್ಲ, ನಿಂಗಾಗದಿಲ್ಲ’ ಎಂದು ಒಂದೇ ಮಾತು. ಅದಕ್ಕೆ ಒಂದು ವರ್ಷ ಮೊದಲು ನಿನ್ನನ್ನು ಹತ್ತಿಸಿ ಕಲಿಸಿದವನು ಅವನೇ. ಗಾಡಿಯ ಹಿಂದೆ ಓಡುತ್ತಾ ಇದ್ದವನು ನಾನು. ಇಷ್ಟು ಸಾಕು.

ಸೆಪ್ಟೆಂಬರ್ ಹದಿನೈದು, ಭಾನುವಾರ. ಗೂಡ್ಸ್ ಗಾಡಿ ಗೊತ್ತುಮಾಡಿದ್ದೇನೆ. ಎಂಜಿನ್ನಿಗೆ ಸುತ್ತಿದ ಕಂಬಳಿ ಬಿಚ್ಚಿ ತರಬೇಡ, ಮಣ್ಣು ಹೋದೀತು. ನಟ್ಟು ಬೋಲ್ಟು ಎಲ್ಲ ನನ್ನ ಹತ್ತಿರ ಇದೆ.

ನಾಗೇಂದ್ರ


ಸಾಗರ
17 ಸೆಪ್ಟೆಂಬರ್ 2024

ನಾಗೇಂದ್ರ,

ಎರಡು ದಿನವಾಯಿತು, ಸಿಟ್ಟು ಇಳಿದಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಅಂಗಳದಲ್ಲಿ ನೀನು ಒಂದು ಮಾತಿಗೂ ನಿಲ್ಲದೆ ಹೊರಟೆ.

ಮೊದಲನೆಯದು ಚಾಸಿ. ನಿಮ್ಮ ಭಾವ, ಗೂಡ್ಸ್ ಗಾಡಿಯವನು, ನೀನು, ಮೂವರೂ ಸೇರಿ ಎಂಜಿನ್ ಎತ್ತಿ ಹಿಡಿದಿರಿ. ಕೆಳಗಿನ ತೂತು ಕೂತಿತು. ಮೇಲಿನದು ಕೂರಲಿಲ್ಲ. ಅರ್ಧ ಬೆರಳು ಕಮ್ಮಿ. ನೀನು ‘ಎಂಜಿನ್ ಉಬ್ಬಿದೆ’ ಅಂದೆ. ಎರಕದ ಕಬ್ಬಿಣ ಉಬ್ಬುತ್ತದೆಯೇ, ಅದೇನು ಹಪ್ಪಳವೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಡೊಂಕಾದದ್ದು ನಿನ್ನ ಚಾಸಿ. ಹನ್ನೊಂದು ವರ್ಷ ಆ ಹಲಸಿನ ತುಂಡಿಗೆ ಒಗ್ಗಿಕೊಂಡು, ಈಗ ನಿಜವಾದ ಎಂಜಿನ್ ಬಂದರೆ ಜಾಗವಿಲ್ಲ ಅನ್ನುತ್ತಿದೆ. ನಾನು ಆ ಎಂಜಿನ್ನನ್ನು ಹೇಗೆ ಇಟ್ಟುಕೊಂಡಿದ್ದೆ ಗೊತ್ತೇನು? ಪ್ರತಿ ಶನಿವಾರ ಎಣ್ಣೆ ಬಿಟ್ಟು, ಕೈಯಲ್ಲಿ ತಿರುಗಿಸಿ, ಬಟ್ಟೆ ಮುಚ್ಚಿ. ಬಂದ ನೆಂಟರೆಲ್ಲ ಇದೇನು ಟಿವಿಯೇ ಎಂದು ಕೇಳುತ್ತಿದ್ದರು.

ಎರಡನೆಯದು. ನೀನು ಗೂಡ್ಸ್ ಗಾಡಿಯವನನ್ನು ಕರೆಯಲು ಹೋದಾಗ ಅತ್ತೆ ಹೇಳಿದಳು. ‘ಎಂತಕ್ಕೆ ಅವ್ರಿವ್ರಿಗೆ ಬೈತೀಯೆ? ಎರಡು ಭಾಗ ಮಾಡಿ ಅಂತ ಹಿಂದಿನ ದಿನ ಹಿರೇರ ಮನೀಗೆ ಹೋಗಿ ಹೇಳಿದ್ದು ನಿನ್ನ ತಮ್ಮನೇ. ಅವ್ರು ಇಡೀ ಗಾಡಿ ನಿಂಗೇ ಅಂತಿದ್ರು.’

ಹನ್ನೊಂದು ವರ್ಷ ನಾನು ಆ ಮುದುಕರನ್ನು ಬೈದುಕೊಂಡು ಬಂದೆ. ಅದರಲ್ಲಿ ಇಬ್ಬರು ಸತ್ತೂ ಹೋದರು. ನೀನು ಸುಮ್ಮನೆ ಕೂತಿದ್ದೆ, ಅಷ್ಟೇ ನಿನ್ನ ತಪ್ಪು ಎಂದುಕೊಂಡಿದ್ದೆ. ಸುಮ್ಮನೆ ಕೂತದ್ದು ಹೇಳುವುದನ್ನೆಲ್ಲ ಮೊದಲೇ ಹೇಳಿ ಮುಗಿಸಿದ್ದಕ್ಕೆ ಎಂದು ಈಗ ಗೊತ್ತಾಯಿತು. ಜಮೀನು ನಿನಗೆ, ಮನೆ ನಿನಗೆ, ತೋಟ ನಿನಗೆ. ಅಕ್ಕನಿಗೆ ಒಂದು ಹಳೆ ಗಾಡಿ ಪೂರ್ತಿಯಾಗಿ ಹೋಗುವುದನ್ನೂ ನಿನ್ನಿಂದ ನೋಡಲಾಗಲಿಲ್ಲ. ಹೊಟ್ಟೆಕಿಚ್ಚಿಗೆ ಒಂದು ಮಿತಿ ಇರುತ್ತದೆ.

ಎಂಜಿನ್ನನ್ನು ಅತ್ತೆಯ ಜಗಲಿಯಲ್ಲೇ ಬಿಟ್ಟು ಬಂದಿದ್ದೇನೆ. ನೀನೇ ಇಟ್ಟುಕೋ. ಅದನ್ನೂ ಬಿಟ್ಟಿದ್ದೇನೆ ಎಂದು ಬೇಕಾದರೆ ಇನ್ನೊಂದು ಕಾಗದ ಬರೆಸು, ಸಹಿ ಹಾಕುತ್ತೇನೆ. ನನಗೆ ಅಭ್ಯಾಸವಾಗಿದೆ.

ಇದಕ್ಕೆ ಉತ್ತರ ಬೇಡ.

ಸುಚಿತ್ರಾ


ಮೇಳಿಗೆ
14 ಅಕ್ಟೋಬರ್ 2024

ಅತ್ತಿಗೆಯವರಿಗೆ ಆಶಾಳ ನಮಸ್ಕಾರ.

ನಾನು ಕಾಗದ ಬರೆದು ಇಪ್ಪತ್ತು ವರ್ಷವಾಗಿರಬೇಕು. ತಪ್ಪಿದ್ದರೆ ತಿದ್ದಿಕೊಳ್ಳಿ. ನಿಮ್ಮಿಬ್ಬರ ನಡುವೆ ಬರಬಾರದು ಎಂದೇ ಇಷ್ಟು ವರ್ಷ ದೂರ ಇದ್ದೆ, ಆದರೆ ಈ ಮನೆಯಲ್ಲಿ ಒಂದು ತಿಂಗಳಿಂದ ಮಾತಿಲ್ಲ, ನನಗೆ ತಲೆ ಕೆಟ್ಟುಹೋಗಿದೆ. ಊಟಕ್ಕೆ ಕರೆದರೆ ಹೂಂ, ಚಾ ಬೇಕಾ ಅಂದರೆ ಹೂಂ. ಹೂಂ ಅಂದವರು ಕುಡಿಯುವುದೂ ಇಲ್ಲ.

ಮೊನ್ನೆ ಆಯುಧಪೂಜೆ. ಪ್ರತಿ ವರ್ಷ ಇವರು ಆ ಚಾಸಿಯನ್ನು ತೊಳೆದು, ಹಲಸಿನ ತುಂಡಿಗೂ ಕುಂಕುಮ ಹಚ್ಚಿ, ಅಲುಗಾಡಬಾರದು ಎಂದು ಬೋಲ್ಟುಗಳನ್ನೆಲ್ಲ ಒಂದು ಸುತ್ತು ಬಿಗಿ ಮಾಡುತ್ತಿದ್ದರು. ಈ ವರ್ಷ ಸ್ಪ್ಯಾನರ್ ಹಿಡಿದು ಕೂತವರು ಹಾಗೇ ಕೂತುಬಿಟ್ಟರು. ‘ಆಶಾ, ಹಸಿ ಮರ ಒಣಗಿ ಕುಗ್ಗಿದೆ ಕಣೆ. ಅದು ಕುಗ್ಗಿದಂಗೆಲ್ಲ ನಾನು ವರ್ಷಾ ವರ್ಷ ಬಿಗಿ ಮಾಡಿದೀನಿ. ಚಾಸಿನ ಎಳ್ದು ಎಳ್ದು ಡೊಂಕು ಮಾಡಿದ್ದು ನಾನೇ’ ಅಂದರು. ಹನ್ನೊಂದು ಪೂಜೆ, ಹನ್ನೊಂದು ಸುತ್ತು. ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದುಕೊಂಡು ಹಾಳು ಮಾಡಿದರು. ನಾನು ನಗಬೇಕೋ ಅಳಬೇಕೋ ಹೇಳಿ.

ಮಾರನೇ ದಿನವೇ ಚಾಸಿಯನ್ನು ತೀರ್ಥಹಳ್ಳಿಯ ರಾಜು ಅವರ ಲೇತ್ ಶಾಪಿಗೆ ಒಯ್ದಿದ್ದಾರೆ. ಕಾಯಿಸಿ, ಜಾಕಿ ಕೊಟ್ಟು, ದಿನಕ್ಕೆ ಒಂದು ಗೆರೆಯಷ್ಟೇ ಸರಿಸಬೇಕಂತೆ. ಇವರು ದಿನಾ ಹೋಗಿ ಅಲ್ಲೇ ಸ್ಟೂಲ್ ಮೇಲೆ ಕೂರುತ್ತಾರೆ. ಪಂಪ್‌ಸೆಟ್‌ನವರು ಬಂದು ನನಗೆ ಬೈದು ಹೋಗುತ್ತಿದ್ದಾರೆ.

ಆ ಪಾಲಿನ ವಿಷಯ ನಾನು ಹೇಳುವುದಿಲ್ಲ. ಅವರೇ ಹೇಳಲಿ. ನೀವು ಉತ್ತರ ಬೇಡ ಅಂದಿದ್ದಕ್ಕೆ ಬರೆದಿಲ್ಲವಂತೆ. ಹೇಳಿದ ಮಾತನ್ನು ಹಾಗೇ ಹಿಡಿದುಕೊಳ್ಳುವುದರಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ಅಚ್ಚು.

ನಿಮ್ಮ ನಾದಿನಿ,
ಆಶಾ


ಸಾಗರ
19 ಅಕ್ಟೋಬರ್ 2024

ನಾಗೇಂದ್ರ,

ಬರೆಯಬಹುದು.

ಸುಚಿತ್ರಾ


ಮೇಳಿಗೆ
30 ಅಕ್ಟೋಬರ್ 2024

ಅಕ್ಕ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಸರಿಯಿಲ್ಲದಿದ್ದರೂ ಇದನ್ನೇ ಹಾಕುತ್ತೇನೆ.

ಹೌದು, ಹೇಳಿದ್ದು ನಾನೇ. ನೀನು ಹೊಟ್ಟೆಕಿಚ್ಚು ಅಂದೆ. ಸ್ವಲ್ಪ ಅದೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಲ್ಲ. ಪಾಲಿನ ಹಿಂದಿನ ದಿನ ನೀನು ಅಡುಗೆಮನೆಯಲ್ಲಿ ಆಶಾಳ ಹತ್ತಿರ ‘ನಾಳೆ ಗಾಡಿ ತಗಂಡು ಹೋದ್ರೆ ಈ ಮನೀದು ಮುಗೀತು ನಂದು’ ಅಂದೆ. ನಾನು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದೆ, ಕೇಳಿತು. ಅಮ್ಮ ಇಲ್ಲ, ಅಪ್ಪಯ್ಯನೂ ಹೋದ, ನೀನೂ ಮುಗಿಸಿಕೊಂಡು ಹೋಗುತ್ತೀ. ನಿನ್ನ ಗಾಡಿಯ ಅರ್ಧ ಇಲ್ಲಿದ್ದರೆ ಆ ನೆಪಕ್ಕಾದರೂ ಬರುತ್ತೀಯ, ಜಗಳಕ್ಕಾದರೂ ಬರುತ್ತೀಯ ಎಂದು ನನ್ನ ತಲೆಗೆ ಬಂತು. ಅವತ್ತೇ ಹೋಗಿ ಹಿರಿಯರಿಗೆ ಹೇಳಿದೆ. ಬಾಯಿಬಿಟ್ಟು ‘ಅಕ್ಕ, ಬರ್ತಾ ಇರು’ ಎಂದು ಹೇಳಬಹುದಿತ್ತು. ಹೇಳಲು ಬರಲಿಲ್ಲ. ನೀನು ಬರಲೂ ಇಲ್ಲ. ಗೌರಿ ಹಬ್ಬಕ್ಕೆ ಕರೆದರೆ ರಜೆ ಇಲ್ಲ, ಭೂಮಿ ಹುಣ್ಣಿಮೆಗೆ ಕರೆದರೆ ರಜೆ ಇಲ್ಲ. ನನಗೂ ಸಿಟ್ಟು ಬಂತು, ಫೋನ್ ಎತ್ತುವುದು ಬಿಟ್ಟೆ.

ಚಾಸಿ ನೇರವಾಯಿತು. ಭಾನುವಾರ ಅದನ್ನು ರಿಪ್ಪನ್‌ಪೇಟೆಗೆ ಒಯ್ದು ಅತ್ತೆಯ ಅಂಗಳದಲ್ಲಿ ಎಂಜಿನ್ ಕೂರಿಸಿದೆ. ಎರಡು ತೂತೂ ಸರಿಯಾಗಿ ಬಂದವು, ಬೋಲ್ಟು ಕೈಯಲ್ಲೇ ಒಳಗೆ ಹೋಯಿತು. ಅತ್ತೆ ‘ಈಗ ನೋಡು, ಗುತ್ಯಣ್ಣನ ಗಾಡಿ’ ಎಂದು ಸೆರಗಿನಲ್ಲಿ ಟ್ಯಾಂಕ್ ಒರೆಸಿದಳು.

ಆದರೆ ಸ್ಟಾರ್ಟ್ ಆಗಲಿಲ್ಲ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಒದ್ದೆ. ಒಂದು ಸಲ ತಿರುಗಿ ಹೊಡೆಯಿತು, ಅದೇ ಕಾಲಿಗೆ. ಈಗ ಕುಂಟುತ್ತಿದ್ದೇನೆ. ಹೇಗೆ ಎಂದು ಬರೆ. ಬೈಯದೆ ಬರೆ.

ನಾಗೇಂದ್ರ


ಸಾಗರ
6 ನವೆಂಬರ್ 2024

ತಮ್ಮ ನಾಗೇಂದ್ರನಿಗೆ,

ಬೈಯದೆ ಬರೆಯುವುದು ನನ್ನಿಂದ ಆಗದು. ಎರಡು ಗಂಟೆ ಒದೆಯುವುದಕ್ಕೆ ಅದೇನು ತುಂಟ ದನವೇ? ಅದಕ್ಕೆ ಬಲ ಬೇಡ ಮಾರಾಯ.

ಓದಿ ಮುಗಿಸಿದ ಮೇಲೆ ಗಾಡಿ ಮುಟ್ಟು, ಓದುತ್ತಾ ಮುಟ್ಟಬೇಡ. ಪೆಟ್ರೋಲ್ ಬಿಡು. ಕಾರ್ಬೊರೇಟರಿನ ಮೇಲೆ ಸಣ್ಣ ಗುಂಡಿ ಇದೆ, ಪೆಟ್ರೋಲ್ ಜಿನುಗುವವರೆಗೆ ಒತ್ತು, ಸುರಿಯುವವರೆಗೆ ಅಲ್ಲ. ಹ್ಯಾಂಡಲಿನ ಎಡಗಡೆ ಕಿಡಿಯ ಲಿವರ್ ಇದೆ. ಅದನ್ನು ಪೂರ್ತಿ ಹಿಂದಕ್ಕೆ ತಾ. ನಿನ್ನ ಕಾಲಿಗೆ ಎರಡು ಸಲವೂ ಪೆಟ್ಟಾದದ್ದು ಆ ಲಿವರಿನಿಂದ. ಕಿಡಿ ಬೇಗ ಬಿದ್ದರೆ ಎಂಜಿನ್ ಹಿಂದಕ್ಕೆ ತಿರುಗಿ ಹೊಡೆಯುತ್ತದೆ. ಆಮೇಲೆ ಕಿಕ್ಕರನ್ನು ಮೆಲ್ಲಗೆ ಒತ್ತು. ಒಂದು ಕಡೆ ಗಟ್ಟಿಯಾಗಿ ತಡೆಯುತ್ತದೆ. ಅಲ್ಲಿ ನಿಲ್ಲಬೇಕು. ಎಲ್ಲರೂ ಸೋಲುವುದು ಅಲ್ಲೇ, ತಡೆದ ಕೂಡಲೇ ಇನ್ನೂ ಜೋರಾಗಿ ಒದೆಯುತ್ತಾರೆ. ನೀನು ವಾಲ್ವ್ ಎತ್ತುವ ಸಣ್ಣ ಲಿವರನ್ನು ಹಿಡಿದು, ಆ ತಡೆಯನ್ನು ಕೂದಲೆಳೆಯಷ್ಟು ದಾಟಿಸಿ, ಲಿವರ್ ಬಿಟ್ಟು, ಕಿಕ್ಕರನ್ನು ಮೇಲಕ್ಕೆ ತಂದು, ಒಂದು ಉಸಿರು ಬಿಟ್ಟು, ಮೈಯ ಭಾರವನ್ನೆಲ್ಲ ಹಾಕಿ ಕೊನೆಯವರೆಗೂ ಇಳಿ. ಅರ್ಧದಲ್ಲಿ ಕಾಲು ತೆಗೆದರೆ ಸತ್ತೆ. ಇಷ್ಟನ್ನು ಅಪ್ಪಯ್ಯ ನಿನಗೂ ಕಲಿಸಬೇಕಿತ್ತು. ಕಲಿಸದೇ ಇದ್ದದ್ದು ಅವನ ತಪ್ಪು. ನನಗೆ ಗೊತ್ತಿದ್ದೂ ನಾನು ಹೇಳಿಕೊಡದೇ ಇದ್ದದ್ದು ನನ್ನ ತಪ್ಪು. ಮನೆಯಲ್ಲಿ ನನಗೊಬ್ಬಳಿಗೇ ಬರುತ್ತದೆ ಎನ್ನುವುದು ಬಹಳ ಇಷ್ಟವಾಗಿತ್ತು.

ಅಡುಗೆಮನೆಯಲ್ಲಿ ಹಾಗೆ ಅಂದದ್ದು ನಿಜ. ಕೇಳಿಸಿಕೊಂಡವನು ಒಳಗೆ ಬಂದು ಬೈಯಬೇಕಿತ್ತು ಕಣೋ. ನಾನು ಯಾರಾದರೂ ಬೈಯಲಿ ಎಂದೇ ಹೇಳಿದ್ದು. ಹನ್ನೊಂದು ವರ್ಷ! ಹಿತ್ತಲಿನಿಂದ ಅಡುಗೆಮನೆಗೆ ಹತ್ತು ಹೆಜ್ಜೆ.

ಇನ್ನೊಂದು ತಲೆನೋವು. ಆರ್‌ಸಿ ಇನ್ನೂ ಅಪ್ಪಯ್ಯನ ಹೆಸರಿನಲ್ಲಿದೆ. ರಸ್ತೆಗೆ ಇಳಿಸಬೇಕಾದರೆ ವರ್ಗಾಯಿಸಬೇಕು. ವಿಚಾರಿಸಿದೆ, ಒಂದೇ ಹೆಸರು ಹಾಕುತ್ತಾರಂತೆ. ಇನ್ನೊಬ್ಬ ವಾರಸುದಾರರು ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಡಬೇಕು. ಯಾರ ಹೆಸರು ಎಂದು ನಾನು ಹೇಳುವುದಿಲ್ಲ. ಹೇಳಿದರೆ ಕೇಳಿದ ಹಾಗಾಗುತ್ತದೆ. ಒಂದು ಸಲ ಕೇಳಿ ಸಾಕಾಗಿದೆ. ಗಾಡಿ ಒಂದಾಯಿತಲ್ಲ, ನಿನ್ನ ಹೆಸರಿಗಾದರೂ ನಾನು ಬರೆದುಕೊಡುತ್ತೇನೆ. ನೀನೇ ತೀರ್ಮಾನಿಸು.

ಅಕ್ಕ,
ಸುಚಿತ್ರಾ


ಮೇಳಿಗೆ
25 ನವೆಂಬರ್ 2024

ಅಕ್ಕ,

ಹೋದ ಭಾನುವಾರ ಸ್ಟಾರ್ಟ್ ಆಯಿತು. ಮೂರನೇ ಒದೆತಕ್ಕೆ. ತಡೆಯುವ ಜಾಗದಲ್ಲಿ ನಿಂತೆ, ನೀನು ಬರೆದ ಹಾಗೇ. ಒಂದು ಸಲ ಕೆಮ್ಮಿತು, ಮತ್ತೆ ಹಿಡಿದುಕೊಂಡಿತು. ಲಿವರ್ ಮುಂದಕ್ಕೆ ಕೊಟ್ಟ ಮೇಲೆ ಆ ನಿಧಾನದ ಬಡಿತ ಬಂತು ನೋಡು, ಒಂದಾದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಿಸಿ ಬರುವುದು. ಪಕ್ಕದ ಅಂಗಡಿಯವರೆಲ್ಲ ಎದ್ದು ಬಂದರು. ಅತ್ತೆಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ಅವಳು ಸೈಡ್‌ಕಾರಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಳು. ಈಗಿನ ಗಾಡಿಗಳನ್ನು ದಿನಾ ನೋಡುತ್ತೇನೆ, ಗುಂಡಿ ಒತ್ತಿದರೆ ಸಾಕು ಹೊರಡುತ್ತವೆ. ಯಾರು ಒತ್ತಿದರೂ ಹೊರಡುತ್ತವೆ. ಇದು ಹಾಗಲ್ಲ. ಇದಕ್ಕೆ ನಾವು ಯಾರೆಂದು ಗೊತ್ತಾಗಬೇಕು. ಐವತ್ತಾರನೇ ವಯಸ್ಸಿನಲ್ಲಿ ನನ್ನನ್ನು ಅದು ಒಪ್ಪಿಕೊಂಡಿತು ಎಂದು ಎಷ್ಟು ಖುಷಿಯಾಯಿತೋ ಬರೆಯಲು ಬರುವುದಿಲ್ಲ. ಓಡಿಸಲಿಲ್ಲ. ಅದು ನಿನ್ನದು.

ಸೋಮವಾರ ತೀರ್ಥಹಳ್ಳಿಯಲ್ಲಿ ಕಾಗದ ಬರೆಯುವವರ ಹತ್ತಿರ ಹೋದೆ. ಗಾಡಿ ಅಕ್ಕನ ಹೆಸರಿಗೆ, ನಾನು ಒಪ್ಪಿ ಬರೆದುಕೊಡುವುದು ಎಂದೆ. ಅವರಿಗೆ ಅದೇನು ಹೊಸದಲ್ಲ, ಹತ್ತು ನಿಮಿಷಕ್ಕೆ ಟೈಪ್ ಮಾಡಿ ಮುಂದೆ ಇಟ್ಟರು. ‘ದಿವಂಗತ ಗುತ್ಯಪ್ಪನವರ ಮಗನಾದ ನನಗೆ ಸದರಿ ವಾಹನದಲ್ಲಿ ಯಾವುದೇ ಹಕ್ಕು, ಭಾಗ, ಸಂಬಂಧ ಇರುವುದಿಲ್ಲ, ಮುಂದೆಯೂ ಇರತಕ್ಕದ್ದಲ್ಲ.’

ಪೆನ್ನು ಹಿಡಿದುಕೊಂಡು ಕೂತೆ ಅಕ್ಕ. ಕೊಡಲು ಮನಸ್ಸಿಲ್ಲದೆ ಅಲ್ಲ. ಗಾಡಿ ನಿನ್ನದೇ ಎಂದು ತೀರ್ಮಾನ ಮಾಡಿಯೇ ಹೋಗಿದ್ದೆ. ಆದರೂ ಆ ಸಾಲಿನ ಕೆಳಗೆ ನನ್ನ ಹೆಸರು ಬರೆಯಲು ಕೈ ಏಳಲಿಲ್ಲ. ಅಪ್ಪಯ್ಯನ ಮಗನಾದ ನನಗೆ ಸಂಬಂಧ ಇರುವುದಿಲ್ಲ. ಒಂದು ಮೋಟಾರ್‌ಸೈಕಲ್ಲಿಗೆ ಹೀಗಾಯಿತು ನನಗೆ. ಬರೆಯುವವರು ‘ಏನಣ್ಣ, ತಕರಾರು ಇದ್ಯಾ?’ ಎಂದು ಎರಡು ಸಲ ಕೇಳಿದರು. ಇಲ್ಲ ಅಂದೆ. ಅರ್ಧ ಗಂಟೆಯ ಮೇಲೆ ಸಹಿ ಹಾಕಿದೆ. ಅದನ್ನು ಇದರ ಜೊತೆ ಇಟ್ಟಿದ್ದೇನೆ.

ಬಸ್ಸಿನಲ್ಲಿ ಬರುವಾಗ ಲೆಕ್ಕವೇ ಬೇಡವಾಗಿತ್ತು, ಆದರೂ ತಲೆಗೆ ಬಂತು. ನಿನ್ನ ಕಾಗದದಲ್ಲಿ ಇದೇ ಸಾಲು ಎಷ್ಟು ಸಲ ಇತ್ತು? ಮನೆಗೆ ಒಂದು, ಗದ್ದೆಗೆ ಒಂದು, ತೋಟಕ್ಕೆ ಒಂದು, ಬಾವಿಗೂ ಒಂದು ಇತ್ತೇನೋ. ಆಶಾಳಿಗೆ ಹೇಳಿದೆ, ಆ ಕಾಗದವನ್ನು ಹೊರಗೆ ತೆಗೆದಿಟ್ಟಿದ್ದಾಳೆ. ಅದನ್ನು ಏನು ಮಾಡಬೇಕು ಎಂದು ನೀನು ಬಂದ ಮೇಲೆ ಮೂವರೂ ಕೂತು ಮಾತಾಡೋಣ. ಈ ಸಲ ಹಿರಿಯರು ಬೇಡ.

ನೀನು ಸಹಿ ಹಾಕುವಾಗ ನಾನು ನೋಡಲಿಲ್ಲ ಅಕ್ಕ. ರಿಜಿಸ್ಟ್ರಾರ್ ಆಫೀಸಿನ ಎದುರಿನ ಹೋಟೆಲಿನಲ್ಲಿ ಎಲ್ಲರ ಜೊತೆ ಚಾ ಕುಡಿಯುತ್ತಿದ್ದೆ. ನೀನು ಹೊರಗೆ ಬಂದೆ. ‘ಮುಗೀತನೆ?’ ಎಂದು ನಾನು ಕೇಳಿದೆ. ‘ಮುಗೀತು’ ಅಂದೆ ನೀನು. ನಾನು ಚಾ ಬೇಕಾ ಎಂದೂ ಕೇಳಲಿಲ್ಲ.

ನಿನ್ನ ತಮ್ಮ,
ನಾಗೇಂದ್ರ